ಪ್ರತಿ ಕೊಳವೆಗೂ ಒಂದು ಕೆಲಸ

1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಮೊದಲ ದೃಶ್ಯವನ್ನು ನೋಡಿದವರು ಮರೆಯುವುದು ಕಷ್ಟ. ತ್ರಿಕೋನಾಕಾರದ ಯುದ್ಧನೌಕೆಯೊಂದು ಪರದೆಯ ಮೇಲಂಚಿನಿಂದ ನುಗ್ಗಿ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತದೆ. ಎಷ್ಟು ಹೊತ್ತಾದರೂ ಅದರ ಹೊಟ್ಟೆ ಮುಗಿಯುವುದೇ ಇಲ್ಲ. ಕಥೆಯಲ್ಲಿ ಆ ನೌಕೆಯ ಉದ್ದ 1,600 ಮೀಟರ್. ಕ್ಯಾಮೆರಾದ ಮುಂದಿದ್ದ ಮಾದರಿಯ ಉದ್ದ ಸುಮಾರು 91 ಸೆಂಟಿಮೀಟರ್. ಅದು ಬೆನ್ನಟ್ಟಿ ಬರುವ ಪುಟ್ಟ ನೌಕೆಯ ಮಾದರಿಯೇ ನಿಜಕ್ಕೂ ಅದಕ್ಕಿಂತ ದೊಡ್ಡದಾಗಿತ್ತು. ಆದರೂ ಯಾವ ಪ್ರೇಕ್ಷಕನಿಗೂ ಅನುಮಾನ ಬರಲಿಲ್ಲ. ಕ್ಯಾಮೆರಾದ ಚಲನೆಯ ಜೊತೆಗೆ, ಮಾದರಿಯ ಮೈಮೇಲೆ ಒತ್ತೊತ್ತಾಗಿ ಕೂತಿದ್ದ ಕೊಳವೆ, ಪೆಟ್ಟಿಗೆ, ತಗಡು, ಗೂಟ, ಕಿಂಡಿಗಳೇ ಅದನ್ನು ನಂಬಿಸಿದವು.

ಇಂಥ ಸಣ್ಣ ವಿವರಗಳನ್ನು ಅಂಗಡಿಯಲ್ಲಿ ಸಿಗುವ ಕಿಟ್‌ನ ನೆರವಿಲ್ಲದೆ, ಬರಿಯ ಹಾಳೆ, ತಂತಿ, ಕೊಳವೆಗಳಿಂದ ಕೈಯಾರೆ ಮಾಡುವ ಕೆಲಸಕ್ಕೆ ಮಾದರಿ ಕಟ್ಟುವವರು ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ. ಹೈದರಾಬಾದಿನ ಈಶಾನ್ಯ ಅಂಚಿನ ಕುಷಾಯಿಗೂಡದಲ್ಲಿ ಕೂತು ಈ ಕೆಲಸದಲ್ಲಿ ತೊಡಗಿಕೊಂಡಿರುವ ನನಗೆ ಒಂದು ಮಾತು ದಿನದಿಂದ ದಿನಕ್ಕೆ ಖಚಿತವಾಗುತ್ತಿದೆ. ಕಲ್ಪನೆಯ ನೌಕೆ ನಂಬುವಂತಿರಬೇಕಾದರೆ ಅದರ ಮೇಲಿನ ಪ್ರತಿಯೊಂದು ತುಣುಕಿಗೂ ಕೆಲಸವಿರಬೇಕು. ಯಾವ ತುಣುಕಿಗೆ ಯಾವ ಕೆಲಸ ಎಂಬುದನ್ನು ಕಲಿಯಲು ನಿಜವಾದ ಯಂತ್ರಗಳನ್ನು ನೋಡಬೇಕು. ಅದಕ್ಕೆ ಕುಷಾಯಿಗೂಡಕ್ಕಿಂತ ಒಳ್ಳೆಯ ಜಾಗ ಸಿಗುವುದು ಅಪರೂಪ.

ನುಣುಪು ಮೈಯಿಂದ ಒರಟು ಮೈಗೆ

ಮೊದಲಿನ ಸಿನಿಮಾ ನೌಕೆಗಳು ನುಣ್ಣಗಿದ್ದವು. ‘ಸ್ಟಾರ್ ಟ್ರೆಕ್’ ಧಾರಾವಾಹಿಗಾಗಿ 1964ರಲ್ಲಿ ಕಟ್ಟಿದ ‘ಎಂಟರ್‌ಪ್ರೈಸ್’ ಮಾದರಿ ಹನ್ನೊಂದು ಅಡಿ ಉದ್ದವಿತ್ತು. ಇಂದು ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿದೆ. ತಟ್ಟೆ, ಉರುಳೆಗಳ ಸ್ವಚ್ಛ ಆಕಾರ ಅದರ ಚೆಲುವು. ಮೈಮೇಲೆ ಉಬ್ಬುತಗ್ಗು ಬಹಳ ಕಡಿಮೆ.

ಅದೇ ದಶಕದಲ್ಲಿ ಇಂಗ್ಲೆಂಡಿನಲ್ಲಿ ‘ಥಂಡರ್‌ಬರ್ಡ್ಸ್’ ಬೊಂಬೆ ಧಾರಾವಾಹಿಗೆ ಮಾದರಿ ಕಟ್ಟುತ್ತಿದ್ದ ಡೆರೆಕ್ ಮೆಡಿಂಗ್ಸ್ ಮತ್ತು ಸಂಗಡಿಗರು ಮಕ್ಕಳ ಪ್ಲಾಸ್ಟಿಕ್ ಕಿಟ್‌ಗಳ ಬಿಡಿಭಾಗಗಳನ್ನು ತಮ್ಮ ಯಂತ್ರಗಳಿಗೆ ಅಂಟಿಸತೊಡಗಿದರು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರ ಇದನ್ನು ಇನ್ನೊಂದು ಎತ್ತರಕ್ಕೆ ಒಯ್ದಿತು. ಅದರ ‘ಡಿಸ್ಕವರಿ’ ನೌಕೆಯ ದೊಡ್ಡ ಮಾದರಿ 54 ಅಡಿ ಉದ್ದವಿತ್ತು. ಕ್ಯಾಮೆರಾ ಹತ್ತಿರ ಹೋದರೂ ಮೈ ಬರಿದಾಗಿ ಕಾಣಬಾರದೆಂದು ಅದರ ತುಂಬ ಸೂಕ್ಷ್ಮ ಭಾಗಗಳನ್ನು ಕೂರಿಸಿದ್ದರು. ಆ ಚಿತ್ರದಲ್ಲಿ ದುಡಿದ ಡಗ್ಲಸ್ ಟ್ರಂಬುಲ್ 1972ರಲ್ಲಿ ‘ಸೈಲೆಂಟ್ ರನ್ನಿಂಗ್’ ನಿರ್ದೇಶಿಸಿದಾಗ ನೂರಾರು ಕಿಟ್‌ಗಳನ್ನು ಒಡೆದು ನೌಕೆಯ ಮೈಗೆ ಬಳಸಿದರು. ‘ಸ್ಟಾರ್ ವಾರ್ಸ್’ ತಂಡದವರು ಯುದ್ಧಟ್ಯಾಂಕು, ಹಡಗು, ರೇಸ್ ಕಾರುಗಳ ಕಿಟ್‌ಗಳನ್ನು ರಾಶಿರಾಶಿಯಾಗಿ ತಂದಿಟ್ಟುಕೊಂಡಿದ್ದರು. ಹೀಗೆ ಮೇಲ್ಮೈಗೆ ಜೀವ ತುಂಬುವ ತುಣುಕುಗಳಿಗೆ ‘ಗ್ರೀಬ್ಲಿ’ ಎಂಬ ಹೆಸರು ಆ ಕಾಲದಿಂದಲೇ ನಿಂತಿತು.

ಕಿಟ್ ಒಡೆದು ಅಂಟಿಸುವುದರಲ್ಲಿ ಎರಡು ತೊಡಕುಗಳಿವೆ. ಒಂದು ಖರ್ಚು: ಆಮದಾಗಿ ಬರುವ ಒಳ್ಳೆಯ ಕಿಟ್‌ಗಳು ನಮ್ಮಲ್ಲಿ ದುಬಾರಿ, ಒಡೆಯಲು ಕೈ ಬರುವುದಿಲ್ಲ. ಇನ್ನೊಂದು ಗುರುತು: ಟ್ಯಾಂಕಿನ ಚಕ್ರ ಎಲ್ಲಿ ಕೂತರೂ ಬಲ್ಲವರ ಕಣ್ಣಿಗೆ ಟ್ಯಾಂಕಿನ ಚಕ್ರವೇ. ತುಣುಕನ್ನು ನಾವೇ ಮಾಡಿದಾಗ ಅದು ನಮ್ಮ ನೌಕೆಯ ಅಳತೆಗೆ, ನಮ್ಮ ನೌಕೆಯ ಕೆಲಸಕ್ಕೆ ಹುಟ್ಟಿದ ತುಣುಕಾಗುತ್ತದೆ.

ಮೊದಲು ಮನುಷ್ಯನ ಎತ್ತರ

ಕಟ್ಟುವ ಮೊದಲು ಪ್ರಮಾಣವನ್ನು ತೀರ್ಮಾನಿಸಿಕೊಳ್ಳಬೇಕು. 1:144 ಪ್ರಮಾಣದಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜದ 14.4 ಸೆಂಟಿಮೀಟರ್. 170 ಸೆಂಟಿಮೀಟರ್ ಎತ್ತರದ ಮನುಷ್ಯ ಇಲ್ಲಿ 12 ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಎರಡು ಮೀಟರ್ ಬಾಗಿಲು 14 ಮಿಲಿಮೀಟರ್. ಏಣಿಯ ಮೆಟ್ಟಿಲುಗಳ ನಡುವೆ 30 ಸೆಂಟಿಮೀಟರ್ ಇದ್ದರೆ ಮಾದರಿಯಲ್ಲಿ ಎರಡು ಮಿಲಿಮೀಟರ್ ಚಿಲ್ಲರೆ. ನಾಲ್ಕು ಸೆಂಟಿಮೀಟರ್ ದಪ್ಪದ ಕೈಹಿಡಿ ಸರಳು 0.28 ಮಿಲಿಮೀಟರ್.

ಈ ಲೆಕ್ಕ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವಂಥದ್ದು. ಹೊಸಬರು ತಗಡು ಕೂಡುವ ಗೆರೆಯನ್ನು ಒಂದು ಮಿಲಿಮೀಟರ್ ಅಗಲಕ್ಕೆ ಕೊರೆಯುತ್ತಾರೆ. ನಿಜದ ಅಳತೆಯಲ್ಲಿ ಅದು ಹದಿನಾಲ್ಕು ಸೆಂಟಿಮೀಟರಿನ ಚರಂಡಿ. ಅದನ್ನು ಕಂಡ ಕ್ಷಣ ನೌಕೆ ಆಟಿಕೆಯಾಗಿಬಿಡುತ್ತದೆ. ಅದೇ ಗೆರೆ 0.2 ಮಿಲಿಮೀಟರ್ ಇದ್ದರೆ ಮೂರು ಸೆಂಟಿಮೀಟರಿನ ಸಂದು, ಕಣ್ಣು ಒಪ್ಪುತ್ತದೆ. ನೋಡುವವರಿಗೆ ಗಾತ್ರ ತಿಳಿಯುವುದು ತಮಗೆ ಪರಿಚಯವಿರುವ ವಸ್ತುಗಳಿಂದ. ಬಾಗಿಲು, ಏಣಿ, ಕೈಹಿಡಿ, ಕಿಟಕಿ ಈ ನಾಲ್ಕು ಸರಿಯಾಗಿದ್ದರೆ ಉಳಿದ ನೌಕೆಯ ಗಾತ್ರ ತಾನಾಗಿಯೇ ನಿಲ್ಲುತ್ತದೆ. ಒಂದು ನೌಕೆಯ ಮೇಲೆ ಎರಡು ಬಗೆಯ ಏಣಿಗಳು ಎರಡು ಪ್ರಮಾಣದಲ್ಲಿದ್ದರೆ ಎಷ್ಟೇ ಕುಸುರಿ ಮಾಡಿದರೂ ವ್ಯರ್ಥ.

ಕುಷಾಯಿಗೂಡದಲ್ಲಿ ಕಣ್ಣಿಗೆ ಬೀಳುವುದು

ಕುಷಾಯಿಗೂಡದ ಬದುಕು ಬೆಳೆದದ್ದೇ ಕಾರ್ಖಾನೆಗಳ ಸುತ್ತ. 1967ರಲ್ಲಿ ಶುರುವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದರೆ ಇಸಿಐಎಲ್, ಇಲ್ಲಿಯ ದೊಡ್ಡ ಚೌರಸ್ತೆಗೂ ಹೆಸರು ಕೊಟ್ಟಿದೆ. ಆ ಸಂಸ್ಥೆಯನ್ನು ಕಟ್ಟಿದ ವಿಜ್ಞಾನಿ ಎ.ಎಸ್. ರಾವ್ ಅವರ ಹೆಸರಿನಲ್ಲಿ ಪಕ್ಕದಲ್ಲೇ ಬಡಾವಣೆಯಿದೆ. ಸನಿಹದಲ್ಲಿ ಪರಮಾಣು ಇಂಧನ ಸಂಕೀರ್ಣವಾದ ಎನ್ಎಫ್‌ಸಿ. ಒಂದು ಕಡೆ ಚರ್ಲಪಲ್ಲಿಯ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಮೌಲಾಲಿಯ ರೈಲ್ವೆ ಎಂಜಿನ್ ಷೆಡ್ಡು.

ಇಸಿಐಎಲ್ ಕೆಲಸ ಕರ್ನಾಟಕದವರಿಗೆ ಹೊಸದಲ್ಲ. ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿ ಇಸ್ರೋದ ದೂರಾಂತರಿಕ್ಷ ಸಂಪರ್ಕ ಕೇಂದ್ರದಲ್ಲಿರುವ 32 ಮೀಟರ್ ವ್ಯಾಸದ ಆಂಟೆನಾ ಕಟ್ಟಿದ್ದು ಈ ಸಂಸ್ಥೆಯೇ. 2008ರ ಅಕ್ಟೋಬರಿನಲ್ಲಿ ಹಾರಿದ ಚಂದ್ರಯಾನ-1ಕ್ಕಾಗಿ ಅದು ಸಿದ್ಧವಾಯಿತು. ಲಡಾಖಿನ ಹಾನ್ಲೆಯಲ್ಲಿ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ 21 ಮೀಟರ್ ವ್ಯಾಸದ ‘ಮೇಸ್’ ಗಾಮಾಕಿರಣ ದೂರದರ್ಶಕವನ್ನೂ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಜೊತೆ ಸೇರಿ ಇಸಿಐಎಲ್ ಕಟ್ಟಿತು.

ಬ್ಯಾಲಾಳಿನ ಆಂಟೆನಾದ ಚಿತ್ರವನ್ನು ಮಾದರಿ ಕಟ್ಟುವವರು ಗಮನವಿಟ್ಟು ನೋಡಬೇಕು. ಮುಂದಿನಿಂದ ಅದು ಬಿಳಿ ಬೋಗುಣಿ. ಹಿಂದಿನಿಂದ ನೋಡಿದರೆ ಉಕ್ಕಿನ ತೊಲೆಗಳ ಬಲೆ. ಬೋಗುಣಿ ಗಾಳಿಗೂ ತನ್ನ ಭಾರಕ್ಕೂ ಬಾಗಬಾರದು ಎಂಬುದಕ್ಕೆ ಆ ಬಲೆ. ಅದರ ಕೆಳಗೆ ದುಂಡಗಿನ ಹಳಿ. ಇಡೀ ಆಂಟೆನಾ ಚಕ್ರಗಳ ಮೇಲೆ ಆ ಹಳಿಯಲ್ಲಿ ಸುತ್ತುತ್ತದೆ. ಏಣಿಗಳೂ ಕಟಾಂಜನಗಳೂ ಇರುವುದು ದುರಸ್ತಿಗೆ ಹತ್ತುವವರಿಗಾಗಿ. ಇದನ್ನು 1:144ಕ್ಕೆ ಇಳಿಸಿದರೆ 22 ಸೆಂಟಿಮೀಟರ್ ಅಗಲದ ತಟ್ಟೆ. ಸಿನಿಮಾ ನೌಕೆಗಳ ಆಂಟೆನಾಗಳಲ್ಲಿ ಹಿಂಬದಿಯನ್ನು ಬರಿದೇ ಬಿಡುವುದು ಸಾಮಾನ್ಯ. ಹಿಂಬದಿಗೆ ತೊಲೆಗಳ ಬಲೆ ಕಟ್ಟಿದೊಡನೆ ಅದಕ್ಕೆ ತೂಕ ಬರುತ್ತದೆ.

ಎನ್ಎಫ್‌ಸಿ ತಯಾರಿಸುವ ಇಂಧನ ಕಟ್ಟುಗಳ ಜೋಡಣೆಯೂ ಹಾಗೆಯೇ ಕಲಿಸುತ್ತದೆ. ನಮ್ಮ 220 ಮೆಗಾವ್ಯಾಟ್ ಭಾರಜಲ ರಿಯಾಕ್ಟರುಗಳಿಗೆ, ಕಾರವಾರದ ಬಳಿಯ ಕೈಗಾ ಸ್ಥಾವರಕ್ಕೂ ಸೇರಿ, ಬೇಕಾಗುವ ಕಟ್ಟಿನಲ್ಲಿ 19 ಸರಳುಗಳಿರುತ್ತವೆ. ನಡುವೆ ಒಂದು, ಸುತ್ತ ಆರು, ಅದರಾಚೆ ಹನ್ನೆರಡು. ದೊಡ್ಡ ರಿಯಾಕ್ಟರುಗಳ ಕಟ್ಟಿನಲ್ಲಿ ಇನ್ನೊಂದು ಸುತ್ತು ಹದಿನೆಂಟು ಸೇರಿ 37. ಅಣುಶಕ್ತಿಯಿಂದ ಓಡುವ ನೌಕೆಯ ಹಿಂಭಾಗವನ್ನು ಕಲ್ಪಿಸಿಕೊಳ್ಳುವಾಗ ಈ ಒಂದು, ಆರು, ಹನ್ನೆರಡರ ಜೋಡಣೆಯನ್ನು ನಾನು ಎರವಲು ಪಡೆದೆ. ಯಾರಿಗೂ ವಿವರಿಸಬೇಕಿಲ್ಲ, ಅದರಲ್ಲಿ ಒಂದು ಶಿಸ್ತಿದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ.

ಈ ಸಂಸ್ಥೆಗಳ ಗೋಡೆಯಾಚೆ ನಾವು ಇಣುಕುವಂತಿಲ್ಲ, ಅದರ ಅಗತ್ಯವೂ ಇಲ್ಲ. ಬೀದಿಯಲ್ಲಿ ಬೇಕಾದಷ್ಟಿದೆ. ಚರ್ಲಪಲ್ಲಿಯ ಇಂಧನ ಡಿಪೊಗಳಿಂದ ಹೊರಡುವ ಟ್ಯಾಂಕರ್ ಲಾರಿಯ ಹಿಂದೆ ನಿಂತರೆ ವಾಲ್ವು, ಚಾಚುಪಟ್ಟಿ, ಬೋಲ್ಟಿನ ಸುತ್ತು, ಮೇಲಿನ ಮುಚ್ಚಳ, ಅಲ್ಲಿಗೆ ಹತ್ತುವ ಏಣಿ, ಜಾರದಂತೆ ಉಬ್ಬುಗೆರೆ ಹೊಡೆದ ತಗಡು ಎಲ್ಲವೂ ಒಂದೇ ನೋಟದಲ್ಲಿ ಸಿಗುತ್ತವೆ. ಎಲ್ಲಿ ಕೊಳವೆ ತಿರುಗುತ್ತದೋ ಅಲ್ಲಿ ಅದನ್ನು ಹಿಡಿಯುವ ಪಟ್ಟಿ ಇರುತ್ತದೆ. ಎಲ್ಲಿ ವಾಲ್ವು ಇದೆಯೋ ಅಲ್ಲಿ ಕೈ ಹೋಗಲು ಜಾಗ ಇರುತ್ತದೆ. ಟ್ರಾನ್ಸ್‌ಫಾರ್ಮರಿನ ಪಕ್ಕೆಲುಬುಗಳು ಎಣ್ಣೆಯ ಬಿಸಿಯನ್ನು ಗಾಳಿಗೆ ಕೊಡುತ್ತವೆ. ಒಂದು ನೋಟ್‌ಪುಸ್ತಕ, ಪೆನ್ಸಿಲ್ ಸಾಕು.

ಅಂತರಿಕ್ಷ ಕೇಳುವ ವಿವರಗಳು

ಭೂಮಿಯ ಯಂತ್ರಕ್ಕೂ ಅಂತರಿಕ್ಷದ ಯಂತ್ರಕ್ಕೂ ವ್ಯತ್ಯಾಸವಿದೆ. ಅಲ್ಲಿ ಗಾಳಿಯಿಲ್ಲ. ಬಿಸಿ ಹೊರಹೋಗಲು ವಿಕಿರಣ ಒಂದೇ ದಾರಿ. ಆದ್ದರಿಂದಲೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ದೊಡ್ಡ ಬಿಳಿಯ ರೇಡಿಯೇಟರ್ ಹಲಗೆಗಳು ಹೊರಚಾಚಿವೆ. ಅಣು ಎಂಜಿನ್ ಇರುವ ನೌಕೆಯಲ್ಲಿ ಇಂಥ ಹಲಗೆಗಳು ಇಲ್ಲದಿದ್ದರೆ ಆ ಎಂಜಿನ್ ಸುಳ್ಳು.

ತಿರುಗಲು ಬಳಸುವ ಸಣ್ಣ ಎಂಜಿನ್‌ಗಳನ್ನು ನೌಕೆಯ ನಡುವಿಗೆ ಅಂಟಿಸಿದರೆ ಪ್ರಯೋಜನವಿಲ್ಲ. ಅವು ಗುರುತ್ವ ಕೇಂದ್ರದಿಂದ ದೂರವಿದ್ದಷ್ಟೂ ತಿರುಗಿಸುವ ಬಲ ಹೆಚ್ಚು. ಅಪೋಲೊ ಚಂದ್ರನೌಕೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ನಾಲ್ಕರಂತೆ ಒಟ್ಟು 16 ಇದ್ದವು. ಗಾಳಿಯಲ್ಲಿ ಹಾರಬೇಕಿಲ್ಲದ ಕಾರಣ ಆ ನೌಕೆಯ ಆಕಾರ ಸೊಟ್ಟಸೊಟ್ಟಾಗಿದ್ದರೂ ನಡೆಯಿತು. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ನಮ್ಮ ವಿಕ್ರಮ್ ಲ್ಯಾಂಡರಿನ ಹೊನ್ನಿನ ಬಣ್ಣದ ಹೊದಿಕೆಯನ್ನು ದೇಶವೆಲ್ಲ ನೋಡಿದೆ. ಪದರಪದರವಾದ ಆ ಹೊದಿಕೆ ಒಳಗಿನ ಉಪಕರಣಗಳನ್ನು ಅತಿ ಬಿಸಿ, ಅತಿ ಚಳಿಗಳಿಂದ ಕಾಯುತ್ತದೆ. ಅದರ ಸುಕ್ಕೇ ಅದರ ಗುರುತು. ಮಾದರಿಯಲ್ಲಿ ಸುಕ್ಕು ಮಾಡಿ ಬಿಡಿಸಿದ ತೆಳು ಬಂಗಾರದ ಬಣ್ಣದ ಕಾಗದ ಆ ಕೆಲಸ ಮಾಡುತ್ತದೆ.

ಬಾಹ್ಯಾಕಾಶ ನಿಲ್ದಾಣದ ಕೋಣೆಗಳ ಹೊರಗೆ, ಗೋಡೆಯಿಂದ ಸ್ವಲ್ಪ ದೂರದಲ್ಲಿ ತೆಳು ತಗಡಿನ ಇನ್ನೊಂದು ಕವಚವಿದೆ. ವೇಗವಾಗಿ ಬರುವ ಉಲ್ಕೆಯ ಕಣ ಮೊದಲು ಅದಕ್ಕೆ ಬಡಿದು ಪುಡಿಯಾಗಿ ಚದುರುತ್ತದೆ. ಮಾದರಿಯ ಒಂದು ಮೂಲೆಯಲ್ಲಿ ಈ ಹೊರಕವಚದ ತಗಡೊಂದನ್ನು ಕಳಚಿದಂತೆ ತೋರಿಸಿ, ಒಳಗೆ ಕೊಳವೆಗಳ ಸಾಲನ್ನು ಕಾಣಿಸಿದರೆ ನೋಡುವವರು ಅಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ.

ಮೇಜಿನ ಮೇಲಿನ ಕೆಲಸ

ಮುಖ್ಯ ಸಾಮಗ್ರಿ ಪಾಲಿಸ್ಟೈರಿನ್ ಹಾಳೆ. 0.25, 0.5, 1 ಮಿಲಿಮೀಟರ್ ದಪ್ಪದವು ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ತೆಳು ಹಾಳೆ ಮೇಲ್ತಗಡುಗಳಿಗೆ, ದಪ್ಪ ಹಾಳೆ ಒಳಗಿನ ಅಸ್ಥಿಪಂಜರಕ್ಕೆ. ಹಾಳೆ ಸಿಗದಿದ್ದರೆ ಪ್ಲಾಸ್ಟಿಕ್ ಡಬ್ಬಿಗಳ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 6 ಎಂದಿದ್ದರೆ ಅದು ಪಾಲಿಸ್ಟೈರಿನ್. 2 ಅಥವಾ 5 ಇದ್ದರೆ ಬೇರೆ ಪ್ಲಾಸ್ಟಿಕ್; ಅದಕ್ಕೆ ಅಂಟು ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ.

ಪಾಲಿಸ್ಟೈರಿನ್‌ಗೆ ನೀರಿನಂತಿರುವ ದ್ರಾವಕದ ಅಂಟು ಬೇಕು. ಎರಡು ತುಂಡುಗಳನ್ನು ಕೂಡಿಸಿ ಹಿಡಿದು, ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ದ್ರವ ತಾನಾಗಿಯೇ ಒಳಗೆ ಹರಿದು ಎರಡನ್ನೂ ಕರಗಿಸಿ ಒಂದು ಮಾಡುತ್ತದೆ. ಲೋಹದ ತಂತಿಗೆ ಮಾತ್ರ ಫೆವಿಕ್ವಿಕ್‌ನಂಥದ್ದು. ಅದನ್ನು ಸೂಜಿಯ ಮೊನೆಯಲ್ಲಿ ಎತ್ತಿ ಇಡಬೇಕು. ಎರಡರ ಆವಿಯೂ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ. ಉಜ್ಜುವಾಗ ಮುಖಕ್ಕೆ ಮಾಸ್ಕ್, ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಇರಲಿ.

ತೆಳುವಾದ ಕೊಳವೆಗಳಿಗೆ ಮೋಟರ್ ರಿವೈಂಡಿಂಗ್ ಅಂಗಡಿಯ ತಾಮ್ರದ ತಂತಿಯಷ್ಟು ಒಳ್ಳೆಯದು ಬೇರೊಂದಿಲ್ಲ. 0.3 ಮಿಲಿಮೀಟರ್ ತಂತಿ 1:144 ಪ್ರಮಾಣದಲ್ಲಿ ನಾಲ್ಕು ಸೆಂಟಿಮೀಟರ್ ಕೊಳವೆ. ಒಂದು ತುದಿಯನ್ನು ಬಿಗಿದು ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲನೆ ಜಗ್ಗಿದರೆ ಅದು ಸ್ವಲ್ಪ ಹಿಗ್ಗಿ ನೆಟ್ಟಗಾಗುತ್ತದೆ. ಬಳುಕಿಸಿ ತಿರುವಬೇಕಾದ ಕಡೆಗೆ ಬೆಸುಗೆ ಹಾಕುವ ಸೀಸದ ತಂತಿ ಚೆನ್ನ.

ಟೊಳ್ಳು ಕೊಳವೆಗೆ ಔಷಧದಂಗಡಿಯ ಹೊಸ ಸಿರಿಂಜ್ ಸೂಜಿಗಳು. 21 ಗೇಜಿನ ಸೂಜಿ 0.8 ಮಿಲಿಮೀಟರ್ ದಪ್ಪ. ಮೊನೆ ತೆಗೆದು, ಅರದಿಂದ ಸುತ್ತಲೂ ಗೀರು ಹಾಕಿ ಮುರಿದ ಹತ್ತೊಂಬತ್ತು ತುಂಡುಗಳನ್ನು ಒಂದು, ಆರು, ಹನ್ನೆರಡಾಗಿ ಕೂಡಿಸಿದರೆ ನಾಲ್ಕು ಮಿಲಿಮೀಟರ್ ಅಗಲದ ಎಂಜಿನ್ ಬಾಯಿ ಸಿದ್ಧ. ಬಳಸಿದ ಸೂಜಿಯನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ಆಂಟೆನಾ ಸರಳುಗಳಿಗೆ ಹಳೆಯ ಉಪಾಯವೊಂದಿದೆ. ಕಿಟ್‌ನ ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ, ತಾಗಿಸದೆ, ತಿರುಗಿಸುತ್ತಿರಬೇಕು. ಮೆತ್ತಗಾದೊಡನೆ ಬೆಂಕಿಯಿಂದ ಸರಿಸಿ ಎರಡೂ ಕೈಯಿಂದ ಎಳೆದರೆ ಕೂದಲಿನಷ್ಟು ತೆಳುವಾದ ಎಳೆ ಬರುತ್ತದೆ. ಬೇಗ ಎಳೆದರೆ ತೆಳು, ನಿಧಾನಕ್ಕೆ ಎಳೆದರೆ ದಪ್ಪ.

ಕೋಠಿಯ ಗುಜರಾತಿ ಗಲ್ಲಿಯಲ್ಲಾಗಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳು ಅಗ್ಗಕ್ಕೆ ಸಿಗುತ್ತವೆ. ಹಳೆಯ ಐಸಿಯ ಕಾಲುಗಳ ನಡುವಿನ ಅಂತರ 2.54 ಮಿಲಿಮೀಟರ್, 1:144ರಲ್ಲಿ ಅದು 36 ಸೆಂಟಿಮೀಟರ್ ಚಿಲ್ಲರೆ, ಅಂದರೆ ಏಣಿಯ ಮೆಟ್ಟಿಲಿಗೆ ಹತ್ತಿರದ ಅಳತೆ. ಹಾಳು ಕೈಗಡಿಯಾರದ ಹಲ್ಲುಚಕ್ರವನ್ನು ಹಿಡಿಕೆಗೆ ಸಿಕ್ಕಿಸಿ ಅಲ್ಯೂಮಿನಿಯಂ ಹಾಳೆಯ ಹಿಂಬದಿಯಲ್ಲಿ ಉರುಳಿಸಿದರೆ ಮುಂಬದಿಯಲ್ಲಿ ರಿವೆಟ್ಟುಗಳ ಸಾಲು ಮೂಡುತ್ತದೆ. ಚಪ್ಪಲಿ ಹೊಲಿಯುವವರ ತೂತುಕೊರೆಯುವ ಪಂಚಿನಿಂದ ದುಂಡು ಬಿಲ್ಲೆಗಳು. ಒಂದರ ಮೇಲೊಂದು ಅಂಟಿಸಿದರೆ ಮುಚ್ಚಳ, ಚಾಚುಪಟ್ಟಿ, ವಾಲ್ವು.

ಎಲ್ಲ ಕೂಡಿಸಿದ ಮೇಲೆ ಬೂದು ಪ್ರೈಮರಿನ ತೆಳು ಪದರ. ಬಿಳಿ ಹಾಳೆ, ಕೆಂಪು ತಂತಿ, ಹೊಳೆವ ಸೂಜಿ ಎಲ್ಲ ಒಂದೇ ಬಣ್ಣಕ್ಕೆ ಬಂದಾಗ ಅವು ಬೇರೆಬೇರೆ ಕಡೆಯಿಂದ ಬಂದವೆಂಬುದು ಅಳಿದು, ಒಂದು ಯಂತ್ರ ಎದ್ದು ನಿಲ್ಲುತ್ತದೆ. ಅಂಟಿನ ಕಲೆ, ಸಂದು, ಓರೆಕೋರೆಗಳೂ ಆಗಲೇ ಕಾಣುತ್ತವೆ. ತಿದ್ದಲು ಅದೇ ಸರಿಯಾದ ಹೊತ್ತು.

ಎಲ್ಲಿ ನಿಲ್ಲಿಸಬೇಕು

ಕೈ ಪಳಗಿದ ಮೇಲೆ ಎಲ್ಲ ಕಡೆ ತುಂಬುವ ಆಸೆ ಹುಟ್ಟುತ್ತದೆ. ಅಲ್ಲಿ ನಮ್ಮ ಬೀದರಿನ ಬಿದ್ರಿ ಕುಶಲಕರ್ಮಿಗಳನ್ನು ನೆನೆಯಬೇಕು. ಸತು, ತಾಮ್ರದ ಮಿಶ್ರಲೋಹದಲ್ಲಿ ಗೀರು ತೋಡಿ, ಬೆಳ್ಳಿಯ ತಂತಿ ಬಡಿದು ಕೂರಿಸಿ, ಕೋಟೆಯ ಮಣ್ಣಿನಿಂದ ಲೋಹವನ್ನು ಕಪ್ಪಾಗಿಸುತ್ತಾರೆ. ಹೂಬಳ್ಳಿ ಹೊಳೆಯುವುದು ಸುತ್ತಲಿನ ಆ ಕಪ್ಪಿನಿಂದ. ನೌಕೆಗೂ ಅಂಥ ಬಿಡುವು ಬೇಕು. ಎಂಜಿನ್ನಿನ ಸುತ್ತ, ಬಾಗಿಲ ಬಳಿ, ಇಂಧನದ ತೊಟ್ಟಿಗಳು ಕೂಡುವಲ್ಲಿ ವಿವರ ದಟ್ಟವಾಗಲಿ. ಉಳಿದ ಮೈ ನಾಲ್ಕಾರು ಗೆರೆಗಳೊಡನೆ ಸುಮ್ಮನಿರಲಿ. ಆ ಬಯಲೇ ಗಾತ್ರವನ್ನು ಹೇಳುತ್ತದೆ.

3ಡಿ ಪ್ರಿಂಟರ್ ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಪ್ರಿಂಟರ್ ಒಳ್ಳೆಯ ಸಲಕರಣೆ. ಒಂದೇ ತೆರನ ಐವತ್ತು ತುಣುಕು ಬೇಕಾದಾಗ ಅದನ್ನು ಬಳಸುವುದೇ ಜಾಣತನ. 2014ರ ‘ಇಂಟರ್‌ಸ್ಟೆಲ್ಲರ್’ ಚಿತ್ರಕ್ಕೆ ದೊಡ್ಡ ಮಾದರಿಗಳನ್ನು ಕಟ್ಟಿದಾಗ, 2019ರ ‘ದ ಮ್ಯಾಂಡಲೋರಿಯನ್’ ಧಾರಾವಾಹಿಗೆ ನೌಕೆಯ ಮಾದರಿ ಮಾಡಿದಾಗ, ಹೊಸ ತಂತ್ರವೂ ಹಳೆಯ ಕೈಕೆಲಸವೂ ಒಟ್ಟಿಗೆ ದುಡಿದವು. ಆದರೆ ಯಾವ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಪ್ರಿಂಟರ್ ತೀರ್ಮಾನಿಸುವುದಿಲ್ಲ. ಆ ತೀರ್ಮಾನ ಕಟ್ಟುವವರದು.

ನಮ್ಮ ಚಿತ್ರರಂಗಕ್ಕೂ ಇಂಥ ಕೈಗಳು ಬೇಕಾಗಿವೆ. ಕನ್ನಡಿಗರಿಗೆ ‘ಹಾಲುಜೇನು’ ಕೊಟ್ಟ ಸಿಂಗೀತಂ ಶ್ರೀನಿವಾಸರಾವ್ 1991ರಲ್ಲೇ ತೆಲುಗಿನಲ್ಲಿ ಕಾಲಯಂತ್ರದ ಕಥೆಯ ‘ಆದಿತ್ಯ 369’ ಮಾಡಿದರು. 2024ರ ‘ಕಲ್ಕಿ 2898 ಎಡಿ’ಗಾಗಿ ಚಿತ್ರತಂಡದವರು ‘ಬುಜ್ಜಿ’ ಎಂಬ ವಾಹನವನ್ನು ನಿಜವಾಗಿ ಓಡುವಂತೆ ಕಟ್ಟಿಸಿದರು. ಕಲ್ಪನೆಯ ಯಂತ್ರವನ್ನು ಕೈಯಿಂದ ಕಟ್ಟಬಲ್ಲವರಿಗೆ ಕೆಲಸ ಹೆಚ್ಚುತ್ತಲೇ ಹೋಗುತ್ತದೆ ಎಂಬ ಭರವಸೆ ನನ್ನದು.

ಅದಕ್ಕಿಂತ ದೊಡ್ಡ ಲಾಭ ಮಕ್ಕಳದು. ಒಂದು ಏಣಿಯನ್ನು ಪ್ರಮಾಣಕ್ಕೆ ಸರಿಯಾಗಿ ಮಾಡಿದ ಮಗು ಅನುಪಾತವನ್ನು ಮತ್ತೆ ಮರೆಯುವುದಿಲ್ಲ. ರೇಡಿಯೇಟರ್ ಹಲಗೆಯನ್ನು ಏಕೆ ಅಂಟಿಸಿದೆ ಎಂದು ವಿವರಿಸಬಲ್ಲ ಹುಡುಗಿಗೆ ಶಾಖದ ಪಾಠವನ್ನು ಬಾಯಿಪಾಠ ಮಾಡಿಸಬೇಕಿಲ್ಲ. 2016ರಿಂದ ಶಾಲೆಗಳಿಗೆ ಬಂದಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿ ಒಂದು ಮೇಜನ್ನು ಈ ಕೆಲಸಕ್ಕೆ ಬಿಟ್ಟುಕೊಡಿ ಎಂದು ಶಿಕ್ಷಕರಲ್ಲಿ ನನ್ನ ವಿನಂತಿ. ಪ್ರಯೋಗಾಲಯವಿಲ್ಲದ ಶಾಲೆಗಳಲ್ಲಿ ಹಾಳೆ, ತಂತಿ, ಅಂಟು, ಒಂದು ಉಕ್ಕಿನ ಅಳತೆಪಟ್ಟಿ, ಜೊತೆಗೆ ದೊಡ್ಡವರೊಬ್ಬರ ಕಣ್ಗಾವಲು ಸಾಕು. ಮೊದಲ ತುಣುಕು ಅಂಟಿಸುವ ಮೊದಲು ಮಗುವಿಗೆ ಒಂದೇ ಪ್ರಶ್ನೆ ಕೇಳಿ: ಇದು ಏನು ಕೆಲಸ ಮಾಡುತ್ತದೆ? ಉತ್ತರ ಬರುವವರೆಗೆ ಕಾಯಿರಿ, ಆಮೇಲೆ ಅಂಟು ಕೊಡಿ.